ಉಪ್ಪು ಹಿಡಿದ ಅಂಗೈ

ನನ್ನ ಬೂದು ಕುದುರೆ ಕಂದಕಕ್ಕೆ ಬಿದ್ದು ಸತ್ತು ಮೂರು ವಸಂತಗಳಾಗಿದ್ದವು. ಸಾಯುವ ಮುನ್ನ ಅದು ಇಲ್ಲದ ಬೇಲಿಗಳನ್ನು ಹಾರುತ್ತಿತ್ತು, ತನ್ನ ನೆರಳಿಗೇ ಬೆಚ್ಚುತ್ತಿತ್ತು. "ಉತ್ತರದ ಇಳಿಜಾರಿಗೆ ಹೊಡ್ಕೊಂಡು ಹೋಗಣ್ಣ, ಅಲ್ಲಿ ಹಸಿರು ಕಾಲಿಗೆ ತೊಡರ್ತದೆ" ಎಂದು ನಗುತ್ತ ಕಳಿಸಿದವನು ನೆರೆಯ ದಶ್ಜೆವೆಗ್. ಆ ಹಸಿರೆಲ್ಲ ನೇರಳೆ ಹೂವಿನ ಹುಚ್ಚುಗಿಡವೆಂದು ಅವನಿಗೆ ಗೊತ್ತಿತ್ತು. ಒಳ್ಳೆಯ ಹುಲ್ಲನ್ನು ತನ್ನ ಒಂಟೆಗಳಿಗೆ ಉಳಿಸಿಕೊಂಡ.

ಪಶುವೈದ್ಯ ಸೊದ್ನೊಮ್ ಅಂದೇ ಹೇಳಿದ್ದ: "ಆ ಗಿಡದ ವಿಷ ಸಕ್ಕರೆ ವೇಷದ್ದು, ಚೊಯ್ಜಿಲಣ್ಣ. ಮೈಯೊಳಗೆ ಸಕ್ಕರೆ ಸರಪಣಿ ಕತ್ತರಿಸೋ ಕತ್ತರಿ ಇರ್ತದಲ್ಲ, ಅದರ ಬಾಯಿಗೇ ಸಿಕ್ಕಿ ಕೂತ್ಬಿಡ್ತದೆ. ಕತ್ತರಿಸದೆ ಉಳಿದದ್ದು ನರದೊಳಗೆ ತುಂಬ್ಕೊಳ್ತದೆ. ಬೇಗ ಬಿಡಿಸಿದ್ರೆ ಚೇತರಿಸ್ಕೊಳ್ಳಬಹುದು. ಗಬ್ಬದ ಪಶು ತಿಂದ್ರೆ ಕಂದು ಹಾಕ್ತದೆ, ಮರಿ ಸತ್ತೇ ಬೀಳ್ತದೆ. ಹಾಲಲ್ಲೂ ಆ ವಿಷ ಇಳೀತದೆ."

ನಾನು ಅದನ್ನು ಕಂಠಸ್ಥ ಮಾಡಿಕೊಂಡೆ.

ಈ ವಸಂತದಲ್ಲಿ, ಬೇರೆ ಹಸಿರು ಏಳುವ ಮುನ್ನ, ದಶ್ಜೆವೆಗ್‌ನ ಕಾವಲಿಲ್ಲದೆ ಮೇಯುತ್ತಿದ್ದ ಗಬ್ಬದ ಬಿಳಿ ಒಂಟೆಗೆ ಅಂಗೈಯ ಉಪ್ಪು ತೋರಿಸುತ್ತ ದಿನವೂ ಆ ಇಳಿಜಾರಿಗೆ ಕರೆದೊಯ್ದೆ. ಮೊದಲ ವಾರ ಗಿಡವನ್ನು ಮೂಸಿ ಬಿಟ್ಟಿತು. ಆಮೇಲೆ ಅದಕ್ಕೆ ಬೇರೇನೂ ಬೇಡವಾಯಿತು. ಕೊನೆಗೆ ಸತ್ತ ಮರಿ ಹಾಕಿತು. ಅಂದು ನಾನು ಎರಡು ಬಟ್ಟಲು ಚಹಾ ಹೆಚ್ಚಾಗಿ ಕುಡಿದೆ.

ಮೂರನೆಯ ದಿನ ಮರಳುಗಾಳಿಯಲ್ಲಿ ನನ್ನ ಒಂಟೆ ಈದು ಸತ್ತಿತು. ಮರಿ ಬದುಕಿತ್ತು. ಸುದ್ದಿ ಕೇಳಿ ದಶ್ಜೆವೆಗ್‌ನ ಹೆಂಡತಿ ದುಲ್ಮಾ ಗಂಡನೊಡನೆ ಬಿಳಿ ಒಂಟೆಯನ್ನು ಹಿಡಿದು ತಂದಳು. ತಬ್ಬಲಿ ಮರಿಗೆ ಮೊಲೆಯೂಡುವ ತಾಯಿಯನ್ನು ತಂದವರನ್ನು ನಮ್ಮಲ್ಲಿ ಯಾರೂ ಹಿಂದಕ್ಕೆ ಕಳಿಸುವುದಿಲ್ಲ.

"ತಾಯಿ ಇಲ್ದ ಮರಿ, ಮರಿ ಇಲ್ದ ತಾಯಿ. ಮರೀನ ತನ್ನದೂಂತ ಒಪ್ಕೊಳ್ಳೋ ಹಾಗೆ ಹಾಡಿ ಒಲಿಸ್ತೀನಣ್ಣ" ಎಂದಳು.

"ಅಣ್ಣ ನನ್ನ ಜೊತೆ ಮಾತು ಬಿಟ್ಟು ಮೂರು ವರ್ಷ ಆಯ್ತು. ಒಂಟೆ ಮೇಲೂ ಮುನಿಸೇನೋ" ಎಂದು ದಶ್ಜೆವೆಗ್ ಕುಟುಕಿದ.

ಬೇಡವೆನ್ನಲು ಕಾರಣ ಹೇಳಬೇಕಿತ್ತು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ದುಲ್ಮಾ ಒಂಟೆಯ ಕೊರಳು ಸವರುತ್ತ ಹಾಡಿದಳು. ಅದು ತಲೆ ಅದುರಿಸುತ್ತ ಮುಂದೆ ಬಂತು. ಮರಿಯನ್ನು ದಾಟಿ ನೇರವಾಗಿ ನನ್ನ ಬಳಿ ನಿಂತು ಅಂಗೈ ನೆಕ್ಕತೊಡಗಿತು.

ಹಾಡು ನಿಂತಿತು. ದಶ್ಜೆವೆಗ್ ಅದರ ಅದುರುವ ತಲೆಯನ್ನೂ ಉಪ್ಪು ಮೆತ್ತಿದ ನನ್ನ ಅಂಗೈಯನ್ನೂ ನೋಡಿದ.

"ಎಷ್ಟು ದಿನದಿಂದ?" ದಶ್ಜೆವೆಗ್‌ನ ದನಿ ಸಣ್ಣದಾಗಿತ್ತು.

"ನಲವತ್ತು. ನನ್ನ ಕುದುರೆನೂ ಆ ಇಳಿಜಾರಲ್ಲಿ ನಲವತ್ತೇ ದಿನ ಮೇಯ್ದಿದ್ದು."

ಅವನ ಮುಖದಿಂದ ನಗೆಯ ಕೊನೆಯ ಗೆರೆಯೂ ಅಳಿಸಿಹೋಯಿತು. ಮೂರು ವರ್ಷ ಕಾದಿದ್ದು ಆ ಮುಖಕ್ಕಾಗಿ. ರೆಪ್ಪೆ ಮುಚ್ಚದೆ ನೋಡಿದೆ.

ಅಷ್ಟರಲ್ಲಿ ಮರಿ ತಾನಾಗಿಯೇ ಕೆಚ್ಚಲಿಗೆ ಬಾಯಿ ಚಾಚಿತ್ತು. ಕೊರಳು ಹಿಡಿದು ಅದನ್ನು ಹಿಂದಕ್ಕೆಳೆದವನು ನಾನೇ.

ಅವರು ಒಂಟೆಯನ್ನು ನಡೆಸಿಕೊಂಡು ಹೋದರು. ಸುತ್ತ ಎರಡು ದಿನದ ಹಾದಿಯೊಳಗೆ ಹಾಲಿದ್ದ ಒಂಟೆ ಅದೊಂದೇ. ಮರಿ ನನ್ನ ಉಪ್ಪಿನ ಬೆರಳುಗಳನ್ನು ಚೀಪುತ್ತಿತ್ತು. ಅವುಗಳಿಂದ ಏನೂ ಇಳಿಯುತ್ತಿರಲಿಲ್ಲ.