ಕೊಡ ಕತ್ತರಿಸಿ ಮಾಡಿದ ತುತ್ತೂರಿ

ಬೀದರ ಮೈಸೂರು ರಾಜ್ಯಕ್ಕೆ ಸೇರುವ ದಿನ ಮೆರವಣಿಗೆಯ ಮುಂದೆ ತಾನೇ ಊದಬೇಕೆಂದು ಯುನುಸ ಹಟ ಹಿಡಿದಿದ್ದ. ಚಿದ್ರಿಯ ಮದುವೆ ಬ್ಯಾಂಡಿನಲ್ಲಿ ಮೊದಲ ತುತ್ತೂರಿ ಅವನದೇ. ಆದರೆ ಆ ಮಳೆಗಾಲದಿಂದ ಮೇಲಿನ ಸ್ವರ ಅರ್ಧಕ್ಕೇ ಒಡೆಯುತ್ತಿತ್ತು. ಅವನ ಜಾಗ ಶಿಷ್ಯ ವೈಜಿನಾಥನಿಗೆ ಕೊಡೋಣ ಎಂಬ ಪಿಸುಮಾತು ಶುರುವಾಗಿತ್ತು.

ಯುನುಸ ತಪ್ಪನ್ನೆಲ್ಲ ಲೋಹದ ಮೇಲೆ ಹಾಕಿದ. ಭಾಲ್ಕಿಯ ಮದುವೆಗೆ ಹೋದಾಗ ಲಾರಿಯಿಂದ ಬಿದ್ದು ತುತ್ತೂರಿಯ ಅಗಲ ಬಾಯಿ ಹರಿದಿತ್ತು, ಅಲ್ಲಿ ಕಬ್ಬಿಣದ ತಗಡು ಬೆಸೆದಿದ್ದರು. ಆ ತಗಡು ದನಿ ಕುಡಿಯುತ್ತದೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ, ಹೇಳುತ್ತಲೇ ಕೆಮ್ಮುತ್ತಿದ್ದ.

“ಕುಡಿತದಂದ್ರ ನಶಾ ಏರಬೇಕಲ್ರಿ ಭಾಯಿ ಇದಕ್ಕ,” ಎಂದು ಕಂಚುಗಾರ ಮಡೆಪ್ಪ ನಕ್ಕ.

ಯುನುಸನ ಹೆಂಡತಿ ಹಾಜಿರಾಬೀ ನಗಲಿಲ್ಲ. ತವರಿನಿಂದ ತಂದಿದ್ದ ಹಿತ್ತಾಳೆ ಕೊಡವನ್ನು ಮಡೆಪ್ಪನ ಮುಂದಿಟ್ಟಳು. ಕತ್ತರಿಸಿದರೆ ಮತ್ತೆ ಕೊಡ ಆಗದು ಎಂದು ಅವನು ಎಚ್ಚರಿಸಿದ.

“ನೀರಿಗಿ ಮಣ್ಣಿನ ಕೊಡ ಅದ. ಕತ್ತರಸ್ರಿ ಅಣ್ಣಾ.”

ಮಡೆಪ್ಪ ಕೊಡ ಕತ್ತರಿಸಿ ಯುನುಸನ ತುತ್ತೂರಿಗೆ ಹೊಸ ಬಾಯಿ ಕೂರಿಸಿದ. ಕಿತ್ತ ತಗಡಿನ ಬಾಯಿಯನ್ನು ವೈಜಿನಾಥ ತನ್ನ ಮುರುಕು ತುತ್ತೂರಿಗೆ ಬೆಸೆಯಿಸಿಕೊಂಡ.

ಬ್ಯಾಂಡಿನವರೆಲ್ಲ ಮಡೆಪ್ಪನ ಅಂಗಳದಲ್ಲಿ ಸೇರಿದರು. ಯುನುಸ ಹೊಸ ಹಿತ್ತಾಳೆಯಲ್ಲಿ ಊದಿದ. ಸ್ವರ ಅದೇ ಜಾಗದಲ್ಲಿ ಒಡೆಯಿತು. ಕೆಮ್ಮು ಮುಗಿದ ಮೇಲೆ, ತಗಡಿನಲ್ಲಿ ಊದು ಎಂದು ವೈಜಿನಾಥನಿಗೆ ಸನ್ನೆ ಮಾಡಿದ. ಅವನೂ ಊದಿದ, ಅವನದೂ ಒಡೆಯಿತು. ಎಲ್ಲರೂ ತಲೆಯಾಡಿಸಿದರು, ತಗಡೇ ಕೆಟ್ಟದ್ದು, ಹೊಸ ಹಿತ್ತಾಳೆ ಇನ್ನೂ ಪಳಗಬೇಕು ಎಂದರು. ಹಾಜಿರಾಬೀ ನಿರಾಳವಾಗಿ ಉಸಿರು ಬಿಟ್ಟಳು.

ಯುನುಸ ಮಾತ್ರ ಶಿಷ್ಯನ ಬಾಯಿಯನ್ನೇ ನೋಡುತ್ತಿದ್ದ.

“ಸುಳ್ಳ ಊದಬ್ಯಾಡ. ತುಟಿ ಸಡಲ ಬಿಟ್ಟಿ. ನಾನೇ ಕಲಿಸೀನಿ ನಿನಗ.”

“ಬ್ಯಾಡ್ರಿ ಉಸ್ತಾದ್.”

“ಊದು.”

ವೈಜಿನಾಥ ಕಣ್ಣು ಮುಚ್ಚಿ ಊದಿದ. ತಗಡಿನಿಂದ ಸ್ವರ ತುಂಬಿ ಹೊರಟಿತು, ಮಾಡಿನ ಪಾರಿವಾಳಗಳೆಲ್ಲ ಎದ್ದವು. ಯುನುಸ ತನ್ನ ಹಿತ್ತಾಳೆಯನ್ನೂ ಅವನ ಕೈಗಿಟ್ಟು ಗೋಡೆಗೆ ಮುಖ ಮಾಡಿ ನಿಂತ. ಅದರಿಂದಲೂ ಅದೇ ಸ್ವರ ಬಂತು. ಇನ್ನು ದೂರಲು ಲೋಹ ಉಳಿದಿರಲಿಲ್ಲ, ಅವನ ಎದೆಯೊಂದೇ ಉಳಿದಿತ್ತು.

ಮೆರವಣಿಗೆಯ ದಿನ ಅವನಿಗೆ ಹೊರಸಿನಿಂದ ಏಳಲಾಗಲಿಲ್ಲ. ದೂರದಿಂದ ವೈಜಿನಾಥನ ತಗಡು ಕೇಳುತ್ತಿತ್ತು. ಗೂಟದ ಮೇಲೆ ಹಿತ್ತಾಳೆ ಹೊಳೆಯುತ್ತಿತ್ತು.

“ಅದನ್ನ ಮಡೆಪ್ಪನ ಕಡಿ ಒಯ್ಯಿ,” ಎಂದ ಯುನುಸ. “ಕೊಡ ಆಗಂಗಿಲ್ಲ. ನಿನಗೊಂದು ತಂಬಿಗಿಯರೆ ಆಗ್ತದ.”

ಹಾಜಿರಾಬೀ ಮಣ್ಣಿನ ಕೊಡದಿಂದ ನೀರು ಬಗ್ಗಿಸಿ ಅವನ ಬಾಯಿಗೆ ಹಿಡಿದಳು.