ಮೂರು ಗೇಣು ಹಿಂದೆ

“ಈ ಮೈಕಿನ ಮುಖ ಯಾರ ಕಡೆಗೆ ಉಂಟು?”

ಹರಿಣಾಕ್ಷಿ ಗಟ್ಟಿಯಾಗಿಯೇ ಕೇಳಿದಳು. ಉತ್ತರ ಕೊಡಲು ಮೂಡುಬಿದಿರೆಯ ಆ ಸಭಾಭವನದಲ್ಲಿ ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಜಯಪ್ರಕಾಶ ಮಾಸ್ಟ್ರ ಹಾಡಿಗೆ ಪಿಟೀಲು ನುಡಿಸಿದವಳು. ಅವಳ ನಾದ ಒಂದು ರೆಕಾರ್ಡಿನಲ್ಲೂ ಉಳಿದಿರಲಿಲ್ಲ. ಇವತ್ತಾದರೂ ಉಳಿದೀತೆಂದು ಹೊಸ ತಂತಿ ಹಾಕಿಸಿಕೊಂಡು ಬಂದಿದ್ದಳು.

ಫ್ಯಾನು ನಿಲ್ಲಿಸಲು ಹೋಗಿದ್ದ ಉನೈಸ್ ಬಂದ. ರೆಕಾರ್ಡಿಂಗಿಗೆಂದು ಬಂಟ್ವಾಳದಿಂದ ಬಂದವನು. ಅದೇ ಸ್ಟ್ಯಾಂಡಿಗೆ ಇನ್ನೊಂದು ಮೈಕು ಸಿಕ್ಕಿಸಿ, ಅವಳಿಂದ ನಾಲ್ಕು ಸ್ವರ ನುಡಿಸಿ ಕಣ್ಣುಮುಚ್ಚಿ ಕೇಳಿದ. ಸ್ಟ್ಯಾಂಡನ್ನು ಒಂದು ಗೇಣು ಹಿಂದೆ ಸರಿಸಿದ.

“ಇಲ್ಲಿಟ್ಟರೆ ಹಾಡು, ಪಿಟೀಲು, ಮೃದಂಗ ಮೂರೂ ಸಮ ಕೇಳ್ತದೆ ಅಕ್ಕ. ಅಜ್ಜಿ ರಾಗ ಎಳೆದು ಮಾಲೆ ಪದ್ಯ ಓದುವಾಗ ನಾನು ಇಷ್ಟೇ ದೂರ ಕೂರ್ತಿದ್ದೆ.”

ಅಷ್ಟರಲ್ಲಿ ಮಾಸ್ಟ್ರು ಬಂದರು, ಹಿಂದಿನಿಂದ ಮೃದಂಗ ಹೊತ್ತ ಕುಶಾಲಪ್ಪ.

“ಎಂಥ ಮಾರಾಯ, ಮೈಕು ಅಷ್ಟು ದೂರ? ನಾನು ಅದಕ್ಕೆ ಕಾಗದ ಬರೀಬೇಕಾ?”

“ಹತ್ತಿರ ತಂದರೆ ಪಿಟೀಲು ಕಡಿಮೆ ಆಗ್ತದೆ ಮಾಸ್ಟ್ರೇ.”

“ಆಗ್ಲಿ. ರೆಕಾರ್ಡು ಯಾರ ಹೆಸರಿನದ್ದು? ಹರಿಣಾಕ್ಷಿ, ನೀನು ಮೂರು ಗೇಣು ಹಿಂದೆ ಕೂತ್ಕೊ.”

“ಹಾಗಾದ್ರೆ ನಾನು ಆಚೆ ಮಾಣಿ ಪೇಟೆಯಲ್ಲಿ ಕೂತು ಬಾರಿಸ್ತೇನೆ” ಎಂದ ಕುಶಾಲಪ್ಪ. ಉನೈಸ್ ಸ್ಟ್ಯಾಂಡನ್ನು ಮಾಸ್ಟ್ರ ಹತ್ತಿರಕ್ಕೆ ಸರಿಸಿದ. ಅವಳು ಚಾಪೆ ಎಳೆದುಕೊಂಡು ಹಿಂದೆ ಸರಿದಳು.

ಅಪ್ಪ ಪುರಾಣದ ಪದ್ಯ ಓದುವುದನ್ನು ಕೇಳಿ ಬೆಳೆದವಳು ಅವಳು. ಸಾಲು ಎಲ್ಲಿ ತಿರುಗುತ್ತದೆ, ಓದುವವನ ಉಸಿರು ಎಲ್ಲಿ ಸೋಲುತ್ತದೆ ಎಂಬುದು ಅವಳಿಗೆ ಮುಂಚೆಯೇ ತಿಳಿದುಬಿಡುತ್ತಿತ್ತು. ಮಾಸ್ಟ್ರ ಉಸಿರು ತಾರಸ್ಥಾಯಿಯಲ್ಲಿ ಸೋಲತೊಡಗಿ ಆರು ವರ್ಷವಾಗಿತ್ತು. ಸೋಲುವ ಅರೆಗಳಿಗೆ ಮೊದಲೇ ಅವಳ ಕಮಾನು ಆ ಸ್ವರವನ್ನು ಹಿಡಿದು ನಿಲ್ಲಿಸುತ್ತಿತ್ತು. ಸಭೆ ಮಾಸ್ಟ್ರಿಗೆ ಚಪ್ಪಾಳೆ ತಟ್ಟುತ್ತಿತ್ತು. ಕೊನೆಗೆ ಮಾಸ್ಟ್ರೇ ಅದನ್ನು ತಮ್ಮ ಕಂಠವೆಂದು ನಂಬಿಬಿಟ್ಟರು. ದೇವರಿಗೆ ಗೊತ್ತುಂಟಲ್ಲ ಎಂದು ಅವಳು ಸುಮ್ಮನಿದ್ದಳು.

ಹಾಡು ಮುಗಿಯಿತು. ಇಂದೂ ಅವಳು ಎಂದಿನಂತೆ ಆ ಸ್ವರಗಳನ್ನು ಹಿಡಿದೇ ನುಡಿಸಿದ್ದಳು. ಉನೈಸ್ ಮಾಸ್ಟ್ರ ಕಿವಿಗೆ ಹೆಡ್‌ಫೋನ್ ಇಟ್ಟ. ಪಲ್ಲವಿಗೆ ತಲೆದೂಗಿದ ಮಾಸ್ಟ್ರು ಚರಣಕ್ಕೆ ಬರುವಾಗ ಕಲ್ಲಾದರು.

“ಇದು ಯಾರ ಒಡಕು ಸ್ವರ? ನಿನ್ನ ಮೈಕು ಹಾಳಾಗಿದೆ.”

“ಮೈಕು ಸರಿ ಉಂಟು ಮಾಸ್ಟ್ರೇ. ಪಿಟೀಲು ದೂರ ಹೋಯ್ತಲ್ಲ.”

ಕುಶಾಲಪ್ಪ ಮೃದಂಗದ ಬಾರು ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿದ. ಮಾಸ್ಟ್ರು ಹೆಡ್‌ಫೋನ್ ತೆಗೆದು ಉನೈಸನ ಕೈಗಿಟ್ಟರು. ಅವಳ ಕಡೆಗೆ ಮಾತ್ರ ನೋಡಲಿಲ್ಲ.

“ಮೈಕು ಮೊದಲಿನ ಜಾಗದಲ್ಲಿಟ್ಟು ಇನ್ನೊಮ್ಮೆ ಹಾಡುವ” ಎಂದ ಉನೈಸ್.

“ಬೇಡ. ನನಗಿನ್ನು ಆಗ್ಲಿಕ್ಕಿಲ್ಲ. ಹಾಡು ಹಾಗೇ ಇರಲಿ.” ಮಾಸ್ಟ್ರ ದನಿ ಜೇನಾಯಿತು. “ಹರಿಣಾಕ್ಷಿ, ಬಾ ಮಗಾ, ಮೈಕಿನ ಹತ್ತಿರ ಕೂತ್ಕೊ. ಆ ಮೇಲಿನ ಸ್ವರ ನಾಲ್ಕು ಮಾತ್ರ ನುಡಿಸು. ಇವ ಅದನ್ನು ನನ್ನ ಸ್ವರದ ಅಡಿಗೆ ಸೇರಿಸ್ತಾನೆ. ಪಿಟೀಲು ಅಂತ ಮಾತ್ರ ಗೊತ್ತಾಗಬಾರದು, ಆಯ್ತಾ?”

ಮೈಕಿನ ಮುಖ ಕೊನೆಗೂ ಅವಳ ಕಡೆಗೆ ತಿರುಗಿತು. ಹರಿಣಾಕ್ಷಿ ಕಮಾನಿನ ತಿರುಪು ಸಡಿಲಿಸಿ ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿದಳು.

“ಇಲ್ಲ ಮಾಸ್ಟ್ರೇ. ನಾನು ನುಡಿಸುವುದಿಲ್ಲ.”