ಏರಿನಲ್ಲಿ ಜಾರುವ ಸೀಟು

ಹಣೆಯ ಗಾಯ ಮುಚ್ಚುವಂತೆ ತೀರಿಕೊಂಡ ಅಕ್ಕನ ಕೂದಲನ್ನು ಪಕ್ಕಕ್ಕೆ ಬಾಚುತ್ತಿದ್ದ ತಂಗಿಯ ಕೈ ತಟ್ಟನೆ ನಿಂತಿತು. ಕಿಟಕಿಯಾಚೆ, ಅಂಗಳದ ಪ್ಲಾಸ್ಟಿಕ್ ಕುರ್ಚಿಗಳ ಕಡೆಯಿಂದ ದೊಡ್ಡಪ್ಪನ ಮಗನ ದನಿ ಕೇಳಿಸಿತ್ತು.

"ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ತುಳಿದಿದ್ದಾಳೆ. ಪೊಲೀಸ್‌ನೋರೇ ಹೇಳಿದ್ರು. ಸೇತುವೆ ಏರು ದಾಟಿದ ಮೇಲೆ ಇಳಿಜಾರಿನಲ್ಲಿ ಬ್ರೇಕ್ ಹಾಕಿದ ಗುರುತೇ ಇಲ್ಲವಂತೆ, ಸೀದಾ ಹೋಗಿ ಗೋಡೆಗೆ. ಐವತ್ತೇಳು ವಯಸ್ಸು, ಬೆಳಬೆಳಿಗ್ಗೆ ನಿದ್ದೆಗಣ್ಣು ಬೇರೆ..."

ತಂಗಿ ಬಾಚಣಿಗೆ ಇಟ್ಟು ಕಿಟಕಿಗೆ ಬಂದಳು. "ಅಣ್ಣಾ, ಅವಳು ಇಲ್ಲೇ ಮಲಗಿದ್ದಾಳೆ. ಕೇಳಿಸೋ ಹಾಗೆ ಸುಳ್ಳು ಹೇಳಬೇಡ."

"ನಾನೇನು ಕಟ್ಟಿ ಹೇಳ್ತಿದ್ದೀನಾ?"

"ಕಟ್ಟಿದೋರು ಬೇರೆ. ನೀನು ಹಂಚ್ತಿದ್ದೀಯ."

ಒಳಗೆ, ಗೋಡೆಗೊರಗಿ ಕೂತವರಲ್ಲಿ ಮುಕ್ಕಾಲು ಪಾಲು ಜನ ಅಕ್ಕನಿಂದ ಸೂಜಿ ಚುಚ್ಚಿಸಿಕೊಂಡವರು. ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಖಾಲಿ ಹೊಟ್ಟೆಯಲ್ಲಿ ಕಾಯುವ ಮುದುಕರ ಬಾಗಿಲಿಗೆ ಮೊದಲ ಬಸ್ಸು ಹೊರಡುವ ಮುಂಚೆಯೇ ತಲುಪಬೇಕು. ಹಾಗಾಗಿ ಆ ಹಳೆಯ ಪುಟ್ಟ ಕಾರು.

"ಚುಚ್ಚಿದ್ದೇ ಗೊತ್ತಾಗ್ತಿರಲಿಲ್ಲ," ಎಂದರು ನಿವೃತ್ತ ಮುಖ್ಯೋಪಾಧ್ಯಾಯಿನಿ. "'ಟೀಚರ್, ನಿಮ್ಮ ನರ ನನ್ನ ಕಂಡ್ರೆ ಅವಿತುಕೊಳ್ಳುತ್ತೆ' ಅನ್ನೋಳು. ನಾನು ನಕ್ಕು ಮುಗಿಸೋದ್ರೊಳಗೆ ಕೆಲಸ ಮುಗಿಸಿರೋಳು." ಆಮೇಲೆ ದನಿ ತಗ್ಗಿಸಿ ತಂಗಿಯನ್ನು ಕೇಳಿದರು: "ಅಷ್ಟು ನಿಗಾ ಇದ್ದೋಳಿಗೆ ಬ್ರೇಕ್ ಯಾವುದು ಅಂತ ಗೊತ್ತಾಗಲಿಲ್ವೇನಮ್ಮ?"

ಅಳಲು ಬಂದವರ ಬಾಯಲ್ಲೂ ಅದೇ ಮಾತು.

*

ಎರಡು ತಿಂಗಳ ಹಿಂದೆ ಆ ಕಾರಿನಲ್ಲಿ ಅಕ್ಕನ ಪಕ್ಕದಲ್ಲೇ ತಂಗಿ ಕೂತಿದ್ದಳು. ಏರು ಹತ್ತುತ್ತಿದ್ದಾಗ ಅಕ್ಕನ ಸೀಟು ಲಟಕ್ಕನೆ ಹಿಂದಕ್ಕೆ ಜಾರಿತು. ಅಕ್ಕ ಮೊದಲೇ ಗಿಡ್ಡಿ. ಸ್ಟೀರಿಂಗಿಗೆ ಜೋತುಬಿದ್ದು, ತಡಕಾಡಿ ಹ್ಯಾಂಡ್‌ಬ್ರೇಕ್ ಎಳೆದಳು. ಇಬ್ಬರೂ ಮೊದಲು ನಕ್ಕರು. ಹಿಂದಿದ್ದ ಲಾರಿಯನ್ನು ನೋಡಿದ ಮೇಲೆ ನಗು ನಿಂತಿತು.

ಸೀದಾ ವರ್ಕ್‌ಶಾಪಿಗೆ ಹೋದರು. ಅದು ಅಕ್ಕನ ಏಳನೆಯ ಭೇಟಿ. ಹಿರಿಯ ಮೆಕ್ಯಾನಿಕ್ ಒಬ್ಬ ಸೀಟಿನಡಿ ಕೈಹಾಕಿ ನೋಡಿ ಒಳಗೆ ಹೋದ. ಸುಪರ್‌ವೈಸರ್ ಫೋನಿನಿಂದ ಕಣ್ಣೆತ್ತದೆ ಹೇಳಿದ: "ಹದಿನೈದು ವರ್ಷದ ಗಾಡಿ ಮೇಡಂ. ವಯಸ್ಸಾದ್ರೆ ನಮ್ಮ ಮಂಡೀನೂ ಲಟಲಟ ಅನ್ನಲ್ವಾ?"

"ನನ್ನ ಮಂಡಿ ಕೈಕೊಟ್ರೆ ನಾನೊಬ್ಬಳೇ ಬೀಳ್ತೀನಪ್ಪಾ. ಇದು ಕೈಕೊಟ್ರೆ ದಾರೀಲಿ ಹೋಗೋರೂ ಸಾಯ್ತಾರೆ."

"ಸೀಟ್ ಲಾಕ್ ಸರಿಯಾಗೇ ಇದೆ. ನೀವೇ ಸರಿಯಾಗಿ ಕೂರಿಸಿರಲ್ಲ."

"ಹೋದ ಸಲ ಏರ್‌ಬ್ಯಾಗ್ ದೀಪ ಆರ್ತಾ ಇಲ್ಲ ಅಂದಿದ್ದಕ್ಕೆ ಬಲ್ಬೇ ಕಿತ್ತು ಕಳಿಸಿದ್ರಿ. ಜ್ವರ ಇದೆ ಅಂದ್ರೆ ಥರ್ಮಾಮೀಟರ್ ಒಡೆದ ಹಾಗೆ." ಅಕ್ಕ ಅವನ ಕೈಯಿಂದ ಚೀಟಿ ತಗೊಂಡು ಓದಿದಳು. 'ಪರಿಶೀಲಿಸಲಾಗಿದೆ, ದೋಷವಿಲ್ಲ' ಎಂದಿತ್ತು. "ಸಿಗದೇ ಇರೋ ನರಾನ ಸಿಕ್ತು ಅಂತ ನಾನು ಯಾವತ್ತೂ ಬರೆದಿಲ್ಲ. ನೀವು ಹೇಗೆ ಬರೀತೀರಿ?"

ಅವನು ಮುಂದಿನ ಗಿರಾಕಿಯನ್ನು ಕರೆದ.

*

ಹಿತ್ತಲ ಬಾಗಿಲಲ್ಲಿ ಒಬ್ಬ ಹಿರಿಯ ನಿಂತಿದ್ದ. ಮಡಿಕೆ ಬಿದ್ದ ಶರಟು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ತಂಗಿಗೆ ಗುರುತು ಹತ್ತಿತು, ವರ್ಕ್‌ಶಾಪಿನ ಮೆಕ್ಯಾನಿಕ್.

"ಸೀಟಿನ ಲಾಕಿನ ಹಲ್ಲು ಸವೆದುಹೋಗಿತ್ತಮ್ಮ," ಎಂದ, ನೆಲ ನೋಡುತ್ತ. "ಹೊಸದು ಬರೋದು ನಿಂತಿದೆ. 'ಗಾಡಿ ಓಡಿಸಬೇಡಿ' ಅಂತ ಬರೀತೀನಿ ಅಂದೆ. ಹಾಗೆ ಬರೆದ್ರೆ ಈ ಮಾದರಿ ಗಾಡಿ ಇರೋರೆಲ್ಲ ಬಂದು ಬಾಗಿಲಲ್ಲಿ ಕೂರ್ತಾರೆ ಅಂತ ಸುಪರ್‌ವೈಸರ್ ಬಿಡಲಿಲ್ಲ. ಗ್ರೀಸ್ ಹಚ್ಚಿ ಕೊಡು ಅಂದ್ರು. ಹಚ್ಚಿದೆ."

"ಜಾರೋ ಸೀಟಿಗೆ ಗ್ರೀಸಾ?"

"ಬಯ್ಯಿರಮ್ಮ."

"ಬಯ್ಯೋದು ಇದ್ದೇ ಇದೆ. ಗಾಡಿ ಎಲ್ಲಿ?"

"ಅದಕ್ಕೇ ಓಡಿ ಬಂದೆ. ಠಾಣೆಯಿಂದ ಈಗ ಗುಜರಿಗೆ ಸಾಗಿಸ್ತಿದ್ದಾರೆ. ಬೆಳಿಗ್ಗೆ ನಮ್ಮ ಸುಪರ್‌ವೈಸರ್ರೇ ಬಂದು ನಿಮ್ಮ ಭಾವನೋರ ಹತ್ರ ಸಹಿ ಹಾಕಿಸ್ಕೊಂಡು ಹೋದ್ರಲ್ಲ. ಮಧ್ಯಾಹ್ನದೊಳಗೆ ಅದು ತಗಡಿನ ಮುದ್ದೆ."

ಭಾವ ಅಕ್ಕನ ಕಾಲ ಬಳಿ ಕೂತಿದ್ದರು. ವಿಷಯ ಕೇಳಿ ತಂಗಿಯ ಕಡೆ ತಿರುಗಿದರು. "ನಿಮಗೆ ತೊಂದರೆ ಬೇಡ, ನಾವೇ ಸಾಗಿಸ್ತೀವಿ ಅಂದ. ಒಳ್ಳೆಯವನು ಅಂದ್ಕೊಂಡೆ. ಕೈ ಮುಗಿದೆನಲ್ಲೇ ಅವನಿಗೆ..." ಎಂದವರೇ ಒಂದು ಹಾಳೆ ಎಳೆದುಕೊಂಡು 'ಗಾಡಿ ಕೊಡುವುದಿಲ್ಲ' ಎಂದು ಬರೆದು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದರು.

ಹೊರಗೆ ಶವದ ವ್ಯಾನು ಬಂದು ನಿಂತಿತ್ತು. ದೊಡ್ಡಪ್ಪನ ಮಗ ಅಡ್ಡ ಬಂದ. "ಹೊತ್ತಾಯ್ತು. ಹೆಣ ಬಿಟ್ಟು ಕಾರಿನ ಹಿಂದೆ ಓಡ್ತೀಯಾ? ಜನ ಏನಂತಾರೆ?"

"ಜನ ಏನಂತಿದ್ದಾರೆ ಅಂತ ಬೆಳಗ್ಗಿಂದ ಕೇಳಿದೀನಲ್ಲ! ಏಳು ಸಲ ಆ ವರ್ಕ್‌ಶಾಪಲ್ಲಿ ಕಾದೋಳು ಅವಳು. ಇವತ್ತು ನನಗೋಸ್ಕರ ಒಂದು ಗಂಟೆ ಕಾಯ್ತಾಳೆ."

"ಹೋಗಿ ಬಾ," ಎಂದರು ಭಾವ. "ನೀನು ಬರೋವರೆಗೂ ಯಾರೂ ಇವಳನ್ನ ಮುಟ್ಟಲ್ಲ."

ಅಕ್ಕ ರಕ್ತದ ಮಾದರಿ ಒಯ್ಯುತ್ತಿದ್ದ ಪೆಟ್ಟಿಗೆಯ ಮೇಲರೆಯಲ್ಲಿ ಏಳೂ ಚೀಟಿಗಳು ತಾರೀಖಿನ ಪ್ರಕಾರ ಸಾಲಾಗಿದ್ದವು. ತಂಗಿ ಅವನ್ನೆತ್ತಿಕೊಂಡು ಮೆಕ್ಯಾನಿಕ್ಕಿನ ಸ್ಕೂಟರ್ ಹತ್ತಿದಳು.

*

ಠಾಣೆಯ ಹಿಂದಿನ ಬಯಲಿನಲ್ಲಿ ಸಾಗಣೆ ಲಾರಿ ತನ್ನ ಹಾಸನ್ನು ಇಳಿಜಾರಾಗಿ ಬಗ್ಗಿಸಿಕೊಂಡು ನಿಂತಿತ್ತು. ಮೂತಿ ಜಜ್ಜಿದ ಪುಟ್ಟ ಕಾರು, ಉಕ್ಕಿನ ಹಗ್ಗಕ್ಕೆ ಬಿಗಿದು, ಮೂತಿ ಮೇಲಾಗಿ ಅರ್ಧ ಏರಿತ್ತು. ತಂಗಿ ಓಡಿಹೋಗಿ ಹಗ್ಗದ ಮೇಲೆ ಕೈಯಿಟ್ಟಳು. "ನಿಲ್ಲಿಸಿ!"

ಪೊಲೀಸ್ ಅಧಿಕಾರಿ ಒಳಗಿನಿಂದ ಬಂದ. ಆರಡಿ ಎತ್ತರ, ನೀಟಾಗಿ ಇಸ್ತ್ರಿ ಮಾಡಿದ ಯೂನಿಫಾರ್ಮು. ಭಾವನ ಹಾಳೆ ಓದಿದ, ಚೀಟಿಗಳನ್ನು ತಿರುವಿದ. "ಎಲ್ಲದರಲ್ಲೂ 'ದೋಷವಿಲ್ಲ' ಅಂತಿದೆಯಲ್ಲಮ್ಮ."

"ದೋಷ ಇಲ್ಲದ ಗಾಡೀನ ಏಳು ಸಲ ಯಾಕೆ ತೋರಿಸಿದ್ಲು ಸಾರ್? ಪ್ರತಿ ಚೀಟೀಲೂ ಮೇಲ್ಗಡೆ ಅವಳ ದೂರು ಇದೆ. ಈ ಕೊನೇದು ಓದಿ. 'ಸೀಟು ಜಾರುತ್ತೆ.' ಬ್ರೇಕ್ ತುಳಿದಿಲ್ಲ ಅಂತ ಬರೆದಿದ್ದೀರಿ. ಏರಿನಲ್ಲೇ ಸೀಟು ಹಿಂದಕ್ಕೆ ಹೋಗಿದ್ರೆ ಇಳಿಜಾರಲ್ಲಿ ಕಾಲು ಎಟುಕಿತ್ತಾ ಅಂತ ನೋಡಿದ್ರಾ?"

"ಗುದ್ದಿದ ಏಟಿಗೆ ಲಾಕು ಹಾಳಾಗಿರಬಹುದು."

"ಇಲ್ಲ ಸಾರ್," ಎಂದ ಮೆಕ್ಯಾನಿಕ್. ಮುಂದೆ ಬಂದು ಕೈ ಚಾಚಿದ. "ಅದಕ್ಕೆ ಮೊದಲೇ ಹಾಳಾಗಿತ್ತು. ಈ ಕೈಯಲ್ಲಿ ಮುಟ್ಟಿ ನೋಡಿದೀನಿ. ಬರ್ಕೊಳ್ಳಿ, ಸಹಿ ಹಾಕ್ತೀನಿ."

"ನೌಕರಿ ಹೋಗುತ್ತೆ ನಿಂದು."

"ಹೋಗಲಿ."

ಅಧಿಕಾರಿ ಇಬ್ಬರನ್ನೂ ದಿಟ್ಟಿಸಿದ. "ಸೀಟು ಜಾರಿದ ಮಾತ್ರಕ್ಕೆ ಬ್ರೇಕ್ ಸಿಗೋದೇ ಇಲ್ಲ ಅನ್ನೋದನ್ನ ನಾನಂತೂ ನಂಬಲ್ಲ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ. ನೋಡೇಬಿಡೋಣ." ಟೋಪಿ ತೆಗೆದು ತಂಗಿಯ ಕೈಗೆ ಕೊಟ್ಟ. ಲಾರಿಯ ಹಾಸನ್ನೇರಿ, ಸೊಟ್ಟ ಬಾಗಿಲು ಎಳೆದು, ಸೀಟನ್ನು ಅಕ್ಕನ ಅಳತೆಗೆ ಮುಂದಕ್ಕೆ ತಂದು ಲಾಕು ಬೀಳಿಸಿ ಕೂತ. ಲಟಕ್ ಎಂಬ ಶಬ್ದ ಎಲ್ಲರಿಗೂ ಕೇಳಿಸಿತು. ಬೂಟನ್ನು ಬ್ರೇಕಿನ ಮೇಲಿಟ್ಟು ಗತ್ತಿನಿಂದ ಹೊರಗೆ ನೋಡಿದ. "ಬಿದ್ದಿದೆ ಲಾಕು! ಹ್ಞೂಂ, ಎಳಿ."

ಲಾರಿಯವನು ಗುಂಡಿ ಒತ್ತಿದ. ಹಗ್ಗ ಬಿಗಿಯಿತು, ಕಾರು ಒಮ್ಮೆ ಜಗ್ಗಿ ಮೇಲಕ್ಕೆ ಸರಿಯಿತು.

ಸೀಟು ಸದ್ದೇ ಇಲ್ಲದೆ ಹಿಂದಕ್ಕೆ ಹೋಯಿತು. ಅಧಿಕಾರಿಯ ತಲೆ ಹಿಂದಕ್ಕೆ ವಾಲಿತು, ಎರಡೂ ಕೈಗಳು ಸ್ಟೀರಿಂಗನ್ನು ತಬ್ಬಿಹಿಡಿದವು. ಕೆಳಗೆ, ಹೊಳಪು ಹಾಕಿದ ಅವನ ಎರಡು ಬೂಟುಗಳು ಪೆಡಲುಗಳಿಂದ ಒಂದು ಗೇಣು ಈಚೆ, ಬರಿಯ ಗಾಳಿಯನ್ನು ತುಳಿಯುತ್ತಿದ್ದವು.